ಎದುರುದಾರನ ಬಾಯಿಗೆ ಬಾರದ ಹೆಸರು

ಕೋರ್ಟಿನಲ್ಲಿ ಯಾರು ಹೇಗೆ ಮಾತಾಡಿದರೂ ಕಾಗದದ ಮೇಲೆ ಎಲ್ಲರೂ ಒಂದೇ ಥರ ಮಾತಾಡುತ್ತಾರೆ. ಸಾಕ್ಷಿಕಟ್ಟೆಯಲ್ಲಿ ನಿಂತವನು, "ಎಲ್ಲೀದ್ರಿ ಸಾಹೇಬ್ರ, ನಾ ಅವತ್ತ ಸಂತೀಗೆ ಹೋಗಿದ್ದೆ, ಅವನ್ನ ಬಡ್ಯಾಕ ನನಗೇನ ಹುಚ್ಚ ಹಿಡದೈತಿ?" ಎಂದು ಎದೆ ಬಡಿದುಕೊಂಡು ಹೇಳುತ್ತಾನೆ. ನ್ಯಾಯಾಧೀಶರು ಒಂದು ಕ್ಷಣ ಫ್ಯಾನು ನೋಡಿ, "ನಾನು ಫಿರ್ಯಾದಿಯನ್ನು ಹೊಡೆದಿರುತ್ತೇನೆ ಎಂದರೆ ಸರಿಯಲ್ಲ. ಸದರಿ ದಿನ ನಾನು ಸಂತೆಗೆ ಹೋಗಿದ್ದೆ" ಎಂದು ಬರೆಸುತ್ತಾರೆ. ನಾನು ಟಕಟಕ ಟೈಪು ಮಾಡುತ್ತೇನೆ. ಹುಚ್ಚೂ ಹೋಯಿತು, ಬಡಿದುಕೊಂಡ ಎದೆಯೂ ಹೋಯಿತು.

ಹೀಗೆ ಕಾಗದದಿಂದ ಹೊರಗೆ ಬಿದ್ದದ್ದನ್ನೆಲ್ಲ ನಾನು ಊಟದ ಬಿಡುವಿನಲ್ಲಿ ಹೆಕ್ಕಿ ತೆಗೆಯುತ್ತಿದ್ದೆ. ರೆಕಾರ್ಡ್ ರೂಮಿನ ಹಿಂದೆ ಡಬ್ಬಿ ಬಿಚ್ಚಿ ಕೂತರೆ ಜವಾನರು, ಪೇದೆಗಳು, ಒಂದಿಬ್ಬರು ವಕೀಲರು ಸಹ ಸುತ್ತ ಸೇರುತ್ತಿದ್ದರು. "ಇವತ್ತು ಕಟ್ಟೆಗೆ ಯಾರು ಬಂದಿದ್ರು?" ಎಂದು ಕೇಳುವುದು, ನಾನು ಎದ್ದು ಮಾಡಿ ತೋರಿಸುವುದು. ನಾನು ದಾಂಡೇಲಿಯ ಚಾಳಿನಲ್ಲಿ ಬೆಳೆದವನು. ಎಡಮನೆಯಲ್ಲಿ ಕೊಂಕಣಿ, ಬಲಮನೆಯಲ್ಲಿ ಉರ್ದು, ಎದುರಿಗೆ ಮರಾಠಿ, ನಳದ ಹತ್ತಿರ ಎಲ್ಲವೂ ಕಲೆತ ಜಗಳ. ಹಾಗಾಗಿ ಬಾಯಿಗೆ ಹತ್ತು ಬಾಗಿಲು. ಸ್ವಂತ ಧ್ವನಿ ಯಾವುದು ಅಂತ ನಮ್ಮವ್ವನಿಗೇ ಅನುಮಾನವಿತ್ತು. "ಫೋನಿನ್ಯಾಗ ಮಾತಾಡಿದ್ರ ಮೊದಲ ನೀ ಯಾರಂತ ಹೇಳಪಾ" ಅನ್ನುತ್ತಿದ್ದಳು. ಬೆರಳು ಮಾತ್ರ ಒಂದೇ ಭಾಷೆ ಕಲಿತಿದ್ದವು, ಕನ್ನಡ ಟೈಪ್‌ರೈಟರಿನದು. ಆ ಪುಣ್ಯದಿಂದ ತೊಂಬತ್ತರ ದಶಕದ ಕೊನೆಯಲ್ಲಿ ಮುಂಡಗೋಡದಲ್ಲಿ ಟೈಪಿಸ್ಟನಾಗಿದ್ದೆ.

ಆ ಹೊತ್ತಿಗೆ ಹೊಸ ನ್ಯಾಯಾಧೀಶರು ಬಂದರು. ಹೆಂಗಸು. ನಾವೆಲ್ಲ ಮೇಡಂ ಅಂದರೆ, ನಮ್ಮ ಮುದುಕ ಜವಾನ ಮಾತ್ರ ಕೊನೆಯವರೆಗೂ "ಸಾಹೇಬ್ರು ಬಂದ್ರು, ಸಾಹೇಬ್ರು ಸೆರಗು ಸರಿ ಮಾಡ್ಕೊಳಾಕತ್ಯಾರ, ಎದ್ದ ನಿಂದರ್ರಿ" ಅನ್ನುತ್ತಿದ್ದ. ಶಿರಸ್ತೇದಾರರು, ಅಂದರೆ ನಮ್ಮ ಕಚೇರಿಯ ಹಿರೇಮಣಿ, ಅವರ ಜಾತಕ ಮೊದಲೇ ತರಿಸಿಕೊಂಡಿದ್ದರು. "ಟೆಲಿಫೋನ್ ಆಪರೇಟರ್ ಇದ್ರಂತಲೇ ಮೊದಲ. ಟ್ರಂಕ್ ಬೋರ್ಡಿನ ಮುಂದ ಕುಂತು ನಂಬರ್ ಪ್ಲೀಸ್ ಅಂದಾವರು. ಅಪ್ಪ ದರ್ಜಿ. ಮುಂಜಾನೆ ಲಾ ಕಾಲೇಜು, ಮಧ್ಯಾಹ್ನದಿಂದ ಎಕ್ಸ್‌ಚೇಂಜ್. ಆಮ್ಯಾಲೆ ವಕೀಲಿ, ಆಮ್ಯಾಲೆ ಪರೀಕ್ಷಾ ಬರದು ಇಲ್ಲೀಗೆ."

ನನಗೆ ಅಷ್ಟೇ ಸಾಕಾಗಿತ್ತು. ಮೂರನೇ ದಿನಕ್ಕೇ ರೆಕಾರ್ಡ್ ರೂಮಿನ ಹಿಂದೆ ನಾನು ಮೇಡಂ ಆಗಿದ್ದೆ. ಟವೆಲ್ಲನ್ನು ಸೆರಗು ಮಾಡಿ, ಊಟದ ಡಬ್ಬಿಯ ಮುಚ್ಚಳ ಕಿವಿಗೆ ಹಿಡಿದು, "ಹಲೋ, ಸಾಕ್ಷಿದಾರರೇ, ಲೈನಿನಲ್ಲಿ ಇರಿ, ಸತ್ಯವನ್ನು ಕನೆಕ್ಟ್ ಮಾಡುತ್ತಿದ್ದೇನೆ" ಅಂದೆ. ಯಾರೂ ನಗಲಿಲ್ಲ. ನಗದಿದ್ದಾಗ ಹಿಂದೆ ನೋಡಬೇಕು ಎಂಬುದು ಈ ಕಲೆಯ ಮೊದಲ ಪಾಠ.

ಮೇಡಂ ಕಿಟಕಿಯ ಆಚೆ ನಿಂತಿದ್ದರು. ಮುಖದಲ್ಲಿ ಸಿಟ್ಟೂ ಇಲ್ಲ, ನಗೆಯೂ ಇಲ್ಲ. "ಚೇಂಬರಿಗೆ ಬರ್ರಿ" ಅಂದರು.

ನಾನು ಹೋದೆ. ಶಿರಸ್ತೇದಾರರು ಹಿಂದಿನಿಂದ, "ಅಣಶಿ ಕಾಡಿನ್ಯಾಗ ಕೋರ್ಟ್ ಇಲ್ಲ, ಇಲ್ಲಂದ್ರ ನಿನ್ನ ಅಲ್ಲೀಗೇ ಹಾಕತಿದ್ರು" ಎಂದು ಧೈರ್ಯ ತುಂಬಿದರು.

ಮೇಡಂ ಹಳೆಯ ಒಂದು ಸಾಕ್ಷಿ ಹೇಳಿಕೆಯನ್ನು ಮುಂದೆ ತಳ್ಳಿದರು. "ಸಾಕ್ಷಿ ಮುಗಿದ ಮೇಲೆ ಇದನ್ನ ಓದಿ ಹೇಳಿ ಸಹಿ ತಗೋತೇವಲ್ಲ, ಯಾರು ಓದ್ತಾರ?"

"ನಾನ ಓದ್ತೇನ್ರಿ."

"ಓದ್ರಿ."

ನಾನು ಯಾವಾಗಲೂ ಓದುವ ಹಾಗೆ ಓದಿದೆ. ಅಂದರೆ ಮಳೆಗಾಲದಲ್ಲಿ ಕಾಲುವೆ ಹರಿದ ಹಾಗೆ, ಎಲ್ಲಿ ಹಿಡಿದರೂ ಕೈಗೆ ಏನೂ ಸಿಗುವುದಿಲ್ಲ.

"ನಿಮಗ ತಿಳೀತ?"

"ಇಲ್ರಿ."

"ಸಹಿ ಮಾಡಾವಗ ತಿಳೀತದ?"

ನಾನು ಹೇಳಿಕೆಯನ್ನು ಮಡಚಿ ಮೇಜಿನ ಮೇಲಿಟ್ಟೆ.

"ಇಷ್ಟು ಧ್ವನಿ ಇಟ್ಕೊಂಡು ಹಿಂಗ ಓದ್ತೀರಲ್ಲ. ನಾಳಿಂದ ಸಾಕ್ಷಿದಾರಗ ಅವನ ಮಾತು ಅವನಿಗೆ ತಿಳಿಯೋಹಂಗ ಓದ್ರಿ. ಕೊಂಕಣಿಯವರಿದ್ರ ಕೊಂಕಣಿಯೊಳಗ ಹೇಳ್ರಿ. ನಗಿ ಬರೋಹಂಗ ಮಾತ್ರ ಬ್ಯಾಡ." ನಾನು ಬಾಗಿಲ ಹತ್ತಿರ ಹೋದಾಗ ಅವರು ತಲೆ ಎತ್ತದೆ ಅಂದರು, "ಟ್ರಂಕ್ ಬೋರ್ಡಿನ್ಯಾಗ ಮುಚ್ಚಳ ಕಿವಿಗೆ ಹಿಡಿಯೂದಿಲ್ಲ. ಹೆಡ್‌ಸೆಟ್ ಇರ್ತದ. ಎರಡೂ ಕೈ ಖಾಲಿ ಇರಬೇಕು."

ಅಂದಿನಿಂದ ಓದಿ ಹೇಳುವ ಕೆಲಸ ನನಗೆ ಬಿತ್ತು. ಹೊತ್ತು ಜಾಸ್ತಿ ಹಿಡಿಯುತ್ತಿತ್ತು, ವಕೀಲರು ಗೊಣಗುತ್ತಿದ್ದರು. ಆದರೆ ಜನ ಮೊದಲ ಸಲ ತಮ್ಮ ಹೇಳಿಕೆ ಕೇಳಿ, "ಏ ನಾ ಹಂಗಂದಿಲ್ರಿ" ಎನ್ನತೊಡಗಿದರು. ಮೇಡಂ ಅಂಥ ತಿದ್ದುಪಡಿಯನ್ನು ಸಹ ಬರೆಸಿಯೇ ಸಹಿ ತೆಗೆದುಕೊಳ್ಳುತ್ತಿದ್ದರು.

ನಮ್ಮ ಕಡೆ ಆಗ ಫ್ಯಾಮಿಲಿ ಕೋರ್ಟು ಅಂದರೆ ದೊಡ್ಡ ಊರಿನ ಮಾತು. ಬೆಳಿಗ್ಗೆ ಸಾಗವಾನಿ ಕಳ್ಳತನ ಕೇಳಿದ ಕುರ್ಚಿಯೇ ಮಧ್ಯಾಹ್ನ ಗಂಡ ಹೆಂಡಿರ ಜಗಳ ಕೇಳಬೇಕು. ಮೇಡಂ ಬಂದ ಮೇಲೆ ಅದಕ್ಕೊಂದು ಪದ್ಧತಿ ಮಾಡಿದರು. ಕುಟುಂಬದ ಕೇಸುಗಳಿಗೆಲ್ಲ ವಾರದಲ್ಲಿ ಒಂದೇ ಮಧ್ಯಾಹ್ನ. ಮೊದಲು ಗಂಡ ಹೆಂಡತಿ ಇಬ್ಬರನ್ನೇ ಚೇಂಬರಿಗೆ ಕರೆಯುವುದು. ಮಾವ, ಅತ್ತೆ, ಊರ ಹಿರಿಯರು, ವಕೀಲರು ಎಲ್ಲ ಹೊರಗೆ. ಒಳಗೆ ಎರಡು ಕುರ್ಚಿ, ಒಂದಕ್ಕೊಂದು ಮುಖ ಮಾಡಿ ಅಲ್ಲ, ಎರಡೂ ಮೇಡಂ ಕಡೆ ಮುಖ ಮಾಡಿ. "ಎದುರಾಬದುರಾ ಕುಂತ್ರ ಜಗಳ ಆಡಬೇಕನಸ್ತದ" ಅನ್ನುತ್ತಿದ್ದರು. ಅಲ್ಲಿ ಹೇಳಿದ ಒಂದಕ್ಷರವನ್ನೂ ಟೈಪು ಮಾಡಿಸುತ್ತಿರಲಿಲ್ಲ. ರಾಜಿ ಆದರೆ ಆಯಿತು, ಆಗದಿದ್ದರೆ ಮಾತ್ರ ಸಾಕ್ಷಿ. ಎಷ್ಟೋ ಜೋಡಿ ಬಾಗಿಲಲ್ಲಿ ಬೇರೆ ಬೇರೆ ಹೋಗಿ ಒಂದೇ ಬಸ್ಸಿಗೆ ಓಡಿದ್ದನ್ನು ನಾನೇ ನೋಡಿದ್ದೇನೆ.

ನಾನು ಹೇಳಹೊರಟ ಕೇಸಿನಲ್ಲಿ ಅದು ಆಗಲಿಲ್ಲ, ಯಾಕೆಂದರೆ ರಾಜಿಗೆ ಗಂಡ ಹೆಂಡತಿ ಬೇಕು. ಇಲ್ಲಿ ಜಗಳವೇ ಅದಾಗಿತ್ತು.

ಅರ್ಜಿ ಹಾಕಿದವಳು ಪಾಳಾ ಕಡೆಯ ಒಂದು ವಾಡೆಯವಳು, ಅಂದರೆ ಹತ್ತಿಪ್ಪತ್ತು ಮನೆಗಳ ಕೇರಿಯವಳು. ಕೂಲಿ ಮಾಡುವ ಮನೆತನ. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ. ಎದುರುದಾರ ನಮ್ಮದೇ ತಾಲೂಕಿನ ಇಂದೂರ ಕಡೆಯವನು. ಹೊಲ, ಅಂಗಡಿ, ಹಣೆಗೆ ಮೂರು ಬೆರಳು ವಿಭೂತಿ ಇದ್ದ ಕುಳ. ಅವಳ ಮಾತು: ಊರಾಚೆಯ ಗುಡಿಯಲ್ಲಿ ಅಯ್ಯನೋರು ತಾಳಿ ಕಟ್ಟಿಸಿದರು, ಹೊಲದ ಮನೆಯಲ್ಲಿ ಸಂಸಾರ ಮಾಡಿದೆವು, ಆಮೇಲೆ ಅವನ ಮನೆಯವರು ಹಳಿಯಾಳ ಕಡೆ ಹೆಣ್ಣು ನೋಡಿ ನನ್ನನ್ನು ತವರಿಗೆ ಅಟ್ಟಿದರು. ಅವನ ಮಾತು: ಮದುವೆಯೇ ಆಗಿಲ್ಲ, ಹೊಲಕ್ಕೆ ಕೂಲಿಗೆ ಬರುತ್ತಿದ್ದಳು, ಅಷ್ಟೇ.

ಜೀವನಾಂಶದ ಅರ್ಜಿ ಅದು. ಆದರೆ ಚೇಂಬರಿನಲ್ಲಿ ಮೇಡಂ, "ನಿಮಗ ಏನು ಬೇಕವಾ?" ಎಂದು ಕೇಳಿದಾಗ ಅವಳು ಜೀವನಾಂಶದ ಮಾತೇ ಎತ್ತಲಿಲ್ಲವಂತೆ. ಹೊರಗೆ ಬಂದು ತನ್ನ ವಕೀಲರಿಗೆ ಹೇಳುತ್ತಿದ್ದಳು, ನಾನು ಕೇಳಿಸಿಕೊಂಡೆ. "ದುಡದು ತಿನ್ನಾಕ ನನಗ ಕೈ ಅದಾವ್ರಿ. ನಮ್ಮ ವಾಡ್ಯಾಗ ನನ್ನ ಇಟಗೊಂಡಾಕಿ ಅಂತಾರ. ನನ್ನ ತಂಗೀನ ನೋಡಾಕ ಬಂದಾವರು ಆ ಮಾತು ಕೇಳಿ ಚಹಾ ಕುಡೀಲಾರದ ಎದ್ದು ಹೋದ್ರು. ನಾ ಯಾರು ಅಂತ ಕೋರ್ಟಿನ್ಯಾಗ ಬರೀಲಿ ಮೊದಲ."

ಅವಳ ವಕೀಲರು ಕರಿಕೋಟಿನ ಇಸ್ತ್ರಿ ಇನ್ನೂ ಮುರಿಯದ ಹುಡುಗ. ಎದುರಿನವರು ಹಿರಿಯ ವಕೀಲರು. ಕೆಮ್ಮಿದರೆ ಸಾಕು, ಕಿರಿಯರು ಪ್ರಶ್ನೆ ಮರೆಯುತ್ತಿದ್ದರು. ನನ್ನ ಅಣಕಗಳಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದದ್ದು ಅವರದಕ್ಕೇ.

ಮೊದಲು ಅವಳ ಸಾಕ್ಷಿ. ಪ್ರಮಾಣ ಆಯಿತು. ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು. ಗಂಡನ ಹೆಸರು ಅಂದಾಗ ಕಟ್ಟೆಯ ಕಟಕಟೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಹೇಳವಾ" ಅಂದರು ಕಿರಿಯ ವಕೀಲರು.

"ಅರ್ಜಿಯೊಳಗ ಬರದೀರಲ್ರಿ."

"ಬಾಯಿಲೆ ಹೇಳಬೇಕು."

"ಹಂಗ ಬಾಯಿಬಿಟ್ಟು ಹೇಳಬಾರದ್ರಿ. ಒಡಪಿನ್ಯಾಗ, ಪದಾ ಕಟ್ಟಿ, ಬೇಕಾರ ಹೇಳ್ತೇನಿ."

ಹಿರಿಯ ವಕೀಲರು ಅರ್ಧ ಎದ್ದರು. ಮೇಡಂ ಕೈ ಮಾಡಿ ಕೂರಿಸಿ, "ಹೇಳ್ರಿ" ಅಂದರು. ಅವಳು ಸೆರಗು ಹೊದ್ದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದಳು:

"ಗೋಂಜಾಳ ತೆನಿಯಾಗ ಮುತ್ತಿನ ಸಾಲ,
ಕೋರ್ಟಿನ ಕಟ್ಟಿ ಹತ್ತಿದ್ದು ನನ್ನ ಪಾಲ..."

ಮುಂದೆ ಅವನ ಹೆಸರು. ಪಡಸಾಲೆಯಲ್ಲಿದ್ದ ಹೆಂಗಸರು ಮದುವೆ ಮನೆಯಲ್ಲಿದ್ದ ಹಾಗೆ "ಹೋ" ಎಂದುಬಿಟ್ಟರು. ಜವಾನ ಅವರನ್ನು ಗದರಿಸುವಷ್ಟರಲ್ಲಿ ನಾನು ಟೈಪು ಮಾಡಿದ್ದು ಇಷ್ಟೇ: "ನನ್ನ ಗಂಡನ ಹೆಸರು ಇಂಥದ್ದು ಇರುತ್ತದೆ." ಗೋಂಜಾಳ ಹೋಯಿತು, ಮುತ್ತೂ ಹೋಯಿತು.

ಪಾಟೀಸವಾಲಿಗೆ, ಅಂದರೆ ಅವಳ ಮಾತನ್ನು ಕೆದಕಿ ನೋಡಲು, ಹಿರಿಯ ವಕೀಲರು ಎದ್ದರು. "ಈ ಒಡಪು ನಿನಗ ನಿಮ್ಮ ವಕೀಲರು ಕಲಿಸ್ಯಾರ?"

"ಅವರಿಗೇನ ಬರ್ತೈತ್ರಿ ಒಡಪಾ? ಅವರದಿನ್ನ ಮದಿವೀನ ಆಗಿಲ್ಲ."

ಕೋರ್ಟು ನಕ್ಕಿತು. ಕಿರಿಯ ವಕೀಲರ ಕಿವಿ ಕೆಂಪಾಯಿತು. ಕಾಗದದ ಮೇಲೆ: "ಸದರಿ ಒಡಪನ್ನು ನನ್ನ ವಕೀಲರು ಕಲಿಸಿದ್ದಾರೆ ಎಂದರೆ ಸರಿಯಲ್ಲ." ಆದರೆ ಹಿರಿಯರು ತಮ್ಮ ಕೆಲಸ ಮಾಡಿ ಮುಗಿಸಿದ್ದರು. ಗಂಡನ ಹೆಸರು ಹೇಳದಿರುವುದು ಊರಿಗೆಲ್ಲ ಗೊತ್ತಿದ್ದ ಪದ್ಧತಿ, ಯಾರು ಬೇಕಾದರೂ ಕಲಿತು ಬಂದು ಆಡಬಹುದು ಎಂಬ ಸಂಶಯ ಗಾಳಿಯಲ್ಲಿ ಬಿಟ್ಟು ಕೂತರು.

ಮುಂದಿನ ತಾರೀಖಿಗೆ ಅಯ್ಯನೋರು ಬಂದರು. ಅವಳ ಪಕ್ಷದ ದೊಡ್ಡ ಸಾಕ್ಷಿ ಅದು. ಕಟ್ಟೆ ಹತ್ತಿ, ಎದುರುದಾರನ ಕಡೆ ಒಮ್ಮೆ ನೋಡಿ, "ಮದಿವಿ ಭಾಳ ಮಾಡಿಸೇನ್ರಿ. ಈ ಹೆಣ್ಣಮಗಳದು ಮಾಡಿಸಿದ್ದು ನೆನಪಿಲ್ಲ" ಅಂದರು. ಅವಳು ಬೆಂಚಿನ ಮೇಲೆ ಕೂತಲ್ಲೇ, "ಹೋಳಗಿ ನೆನಪೈತಿ ಏನ್ರಿ ಅಜ್ಜಾರ?" ಎಂದಳು. ಮೇಡಂ ಸುಮ್ಮನಿರಲು ಹೇಳಿದರು. ಕಿರಿಯ ವಕೀಲರು ಅಯ್ಯನೋರನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟೀಸವಾಲು ಮಾಡಲು ಅನುಮತಿ ಕೇಳಿದರು, ಸಿಕ್ಕಿತು, ಅದರಿಂದ ಏನೂ ಸಿಗಲಿಲ್ಲ. ಎಲ್ಲದಕ್ಕೂ ನೆನಪಿಲ್ಲ, ನೆನಪಿಲ್ಲ. ಮದುವೆಗೆ ಬಂದಿದ್ದ ಮತ್ತಿಬ್ಬರು ಸಮನ್ಸು ತಲುಪಿದರೂ ಕಡೆಗೂ ಬರಲಿಲ್ಲ.

ಅವತ್ತು ಸಂಜೆ ಚಹಾದ ಅಂಗಡಿಯಲ್ಲಿ ನಾನು ಅಯ್ಯನೋರನ್ನು ಮಾಡಿ ತೋರಿಸುತ್ತಿದ್ದೆ. ಮುಗಿಸಿ ತಿರುಗಿದರೆ ಬಸ್ಸಿಗೆ ಕಾಯುತ್ತ ಅವಳೇ ನಿಂತಿದ್ದಳು. ಅವಳು ತಲೆ ಅಲ್ಲಾಡಿಸಿದಳು.

"ಅಣ್ಣಾರ, ಬರೋಬರಿ ಬರಲಿಲ್ರಿ. ಸುಳ್ಳ ಹೇಳೂ ಮುಂದ ಅವರು ಮೊದಲ ಗಂಟಲ ಸಾಪ ಮಾಡಿಕೊಂಡ್ರು. ನೀವು ಮಾಡಲಿಲ್ಲ."

ನಿಜ. ನಾನು ಅಷ್ಟು ಲಕ್ಷ್ಯ ಕೊಟ್ಟಿರಲಿಲ್ಲ.

ಎದುರುದಾರನ ಸಾಕ್ಷಿಯ ದಿನ ಅವನ ತಾಯಿಯೂ ಬಂದಿದ್ದಳು. ಬಂಗಾರದ ಬುಗುಡಿ, ಇಳಕಲ್ ಸೀರೆ. ಹಿಂದಿನ ಬೆಂಚಿನಲ್ಲಿ ಕೂತರೂ ಮುಂದಿನ ಬೆಂಚಿನವರ ಬೆನ್ನು ನೆಟ್ಟಗಾಗುವಂಥ ಠೀವಿ. ಮಗ ಕಟ್ಟೆ ಹತ್ತಿದ. ಒಳ್ಳೆ ಮೈಕಟ್ಟು, ಆದರೆ ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೆ ತಾಯಿಯ ಕಡೆ ಕಣ್ಣು. ನಾನು ಆಗಲೇ ಮನಸ್ಸಿನಲ್ಲಿ ಅವನ ಪಾರ್ಟು ಕಲಿಯಲು ಶುರು ಮಾಡಿದ್ದೆ.

ಹಿರಿಯ ವಕೀಲರು ಕೇಳಿದರು, ಅವನು ಹೇಳಿದ, ಮೇಡಂ ಬರೆಸಿದರು, ನಾನು ಬಡಿದೆ. "ಅರ್ಜಿದಾರಳು ನನ್ನ ಹೊಲದಲ್ಲಿ ಕೂಲಿ ಕೆಲಸಕ್ಕೆ ಬರುತ್ತಿದ್ದಳು. ಅರ್ಜಿದಾರಳನ್ನು ನಾನು ಮದುವೆಯಾಗಿರುವುದಿಲ್ಲ. ಅರ್ಜಿದಾರಳಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ." ಸರಾಗ. ಕಿರಿಯ ವಕೀಲರ ಪಾಟೀಸವಾಲೂ ಹಾಗೇ ಸರಾಗವಾಗಿ ಸೋಲುತ್ತ ಸಾಗಿತ್ತು. ತಾಳಿ ಕಟ್ಟಿದ್ದೇನೆ ಎಂದರೆ ಸರಿಯಲ್ಲ. ಸಂಸಾರ ಮಾಡಿದ್ದೇನೆ ಎಂದರೆ ಸರಿಯಲ್ಲ. ನನ್ನ ಬೆರಳುಗಳು ಅರ್ಧ ನಿದ್ದೆಯಲ್ಲಿದ್ದವು.

ಆಗ ಮೇಡಂ ಬರೆಸುವುದನ್ನು ನಿಲ್ಲಿಸಿದರು.

"ಟೈಪಿಸ್ಟರ, ಕೊನೇ ಪುಟ ಓದ್ರಿ."

ಓದಿದೆ. ಅರ್ಜಿದಾರಳು, ಅರ್ಜಿದಾರಳನ್ನು, ಅರ್ಜಿದಾರಳಿಗೆ.

"ಸಾಕ್ಷಿದಾರರು ಬಾಯಿಲೆ ಆಡಿದ್ದು ಅರ್ಜಿದಾರಳು ಅಂತನ ಏನ್ರಿ?"

ನಾನು ಉತ್ತರಿಸುವ ಮೊದಲೇ ನನ್ನ ಬಾಯಿ ಉತ್ತರಿಸಿತು, ಅದೂ ಅವನದೇ ಧ್ವನಿಯಲ್ಲಿ, ತುಸು ಮೂಗಿನಿಂದ, ಗದ್ದ ಆ ಕಡೆ ತಿರುಗಿಸಿ: "ಇಕಿ ಅಂದ್ರ್ರಿ. ಒಮ್ಮೊಮ್ಮೆ ಆಕಿ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕೆಲಸ ಹೋಯಿತು ಅಂದುಕೊಂಡೆ.

ಮೇಡಂ ನನ್ನ ಕಡೆ ನೋಡಲೇ ಇಲ್ಲ. ಇಬ್ಬರೂ ವಕೀಲರನ್ನು ನೋಡಿ, "ಅರ್ಜಿದಾರಳು ಅನ್ನೋದು ನನ್ನ ಶಬ್ದ. ನಾನ ಬರೆಸಿದ್ದು. ಸಾಕ್ಷಿದಾರರು ಇಲ್ಲೀತನಾ ಒಮ್ಮೆಯೂ ಆ ಶಬ್ದ ಆಡಿಲ್ಲ, ಅವರ ಹೆಸರೂ ಹೇಳಿಲ್ಲ. ಇಲ್ಲಿಂದ ಮುಂದ ಪ್ರಶ್ನೆ ಉತ್ತರ ರೂಪದೊಳಗ, ಅವರವರ ಮಾತಿನೊಳಗ ದಾಖಲು ಮಾಡ್ತೇನಿ" ಅಂದರು.

ಹಿರಿಯ ವಕೀಲರು ಕೆಮ್ಮಿ ಎದ್ದರು. "ಮೇಡಂ, ಇದು ಜೀವನಾಂಶದ ಅರ್ಜಿ. ಕಾಯ್ದೆ ಪ್ರಕಾರ ಸಾಕ್ಷಿಯ ಸಾರಾಂಶ ಬರಕೊಂಡ್ರ ಸಾಕು. ಇಕಿ, ಆಕಿ ಎಲ್ಲಾ ಬರೀಲಿಕ್ಕೆ ಹತ್ತಿದ್ರ..."

"ಸಾರಾಂಶ ಸಾಕು ಅಂತ ಕಾಯ್ದೆ ಹೇಳ್ತದ. ಹೆಚ್ಚು ಬರೀಬಾರದು ಅಂತ ಹೇಳೂದಿಲ್ಲ. ನಿಮ್ಮ ಆಕ್ಷೇಪಣೆ ಬರಕೋತೇನಿ." ಬರೆಸಿದರು. ಅವರು ಯಾರ ಆಕ್ಷೇಪಣೆಯನ್ನೂ ನುಂಗುತ್ತಿರಲಿಲ್ಲ.

ಕಿರಿಯ ವಕೀಲರಿಗೆ ಹೊಸ ಪ್ರಶ್ನೆ ಹೊಳೆಯಲಿಲ್ಲ. ಪಾಟೀಸವಾಲು ಮುಗಿಯಿತು ಅಂದರು. ಆಗ ಮೇಡಂ ತಾವೇ ಕೇಳಿದರು. ನ್ಯಾಯಾಧೀಶರು ಸತ್ಯ ತಿಳಿಯುವುದಕ್ಕಾಗಿ ಯಾವ ಸಾಕ್ಷಿಯನ್ನಾದರೂ ಪ್ರಶ್ನೆ ಕೇಳಬಹುದು; ಆ ಅಧಿಕಾರ ಎಲ್ಲರಿಗೂ ಇದೆ, ಬಳಸಿದ್ದನ್ನು ನಾನು ನೋಡಿದ್ದು ಕಡಿಮೆ. ಧ್ವನಿ ಏರಿಸಲಿಲ್ಲ. ಅಂಗಡಿಯಲ್ಲಿ ಬೆಲ್ಲದ ದರ ಕೇಳಿದ ಹಾಗೆ ಕೇಳಿದರು.

"ಹೊಲಕ್ಕ ಕೂಲಿಗೆ ಯಾರ್ಯಾರು ಬರ್ತಿದ್ರು?"

"ಫಕ್ಕೀರವ್ವ, ನೀಲವ್ವ, ದ್ಯಾಮವ್ವ, ಆಕಿ ಸೊಸಿ ಶಾಂತವ್ವ..." ಪಟಪಟ ಹೇಳಿದ. "ಮತ್ತ ಇಕಿ."

"ಇಕಿ ಅಂದ್ರ?"

"ಇಕೀನರಿ." ಗದ್ದದಿಂದ ತೋರಿಸಿದ.

"ಕೂಲಿಯವರು ಸಂಜೀಗೆ ಎಲ್ಲಿ ಹೋಗ್ತಿದ್ರು?"

"ಅವರವರ ಮನೀಗ್ರಿ."

"ಇವರು?"

"ಇಕಿ ಹೊಲದ ಮನ್ಯಾಗ ಇರ್ತಿದ್ಲು."

"ಯಾಕ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿಜವಾಗಿ ಗೊಂದಲಗೊಂಡು ಹೇಳಿದ, "ಮತ್ತೆಲ್ಲಿರ್ತಾಳ್ರಿ?"

ಹಿರಿಯ ವಕೀಲರು ಪೆನ್ನಿನ ಟೋಪಿ ಹಾಕಿದರು, ತೆಗೆದರು, ಹಾಕಿದರು. ಟೈಪ್‌ರೈಟರಿನ ಸದ್ದು ನಿಂತಾಗಲೆಲ್ಲ ಆ ಟಿಕ್ ಟಿಕ್ ಕೇಳುತ್ತಿತ್ತು. ನಾನು ಒಂದೊಂದು ಶಬ್ದವನ್ನೂ ಅವನು ಆಡಿದ ಹಾಗೇ ಹೊಡೆಯುತ್ತಿದ್ದೆ. ಇಷ್ಟು ವರ್ಷ ಊಟದ ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಸರಕಾರದ ಕಾಗದದ ಮೇಲೆ ಮಾಡುವುದು ಅದೇ ಮೊದಲು. ವಿಚಿತ್ರವೆಂದರೆ ನಗು ಬರಲಿಲ್ಲ.

"ಇವರ ಹೆಸರೇನು?" ಮೇಡಂ ಕೇಳಿದರು.

ಅವನು ತಾಯಿಯ ಕಡೆ ನೋಡಿದ.

"ನಾಲ್ಕು ಮಂದಿ ಹೆಸರು ಹೇಳಿದ್ರಿ. ಐದನೇದವರದು?"

ಬಾಯಿ ತೆರೆದ. ತುಟಿ ಆಡಿತು. ಅವಳ ಕಡೆ ನೋಡಿದ. ಅವತ್ತು ಅಷ್ಟು ಹೊತ್ತಿಗೆ ಮೊದಲ ಸಲ. ಅವಳೂ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಹೇಳಿಬಿಡುತ್ತಾನೋ ಏನೋ ಎಂದು ಹೆದರಿದವರ ಹಾಗೆ. ಒಂದು ಸಲ ಪಟಕ್ಕನೆ ಹೇಳಿದ್ದರೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು, ಅವಳು ಐದನೇ ಕೂಲಿಯವಳು ಆಗುತ್ತಿದ್ದಳು. ಹೇಳಲಿಕ್ಕೆ ಎರಡೂವರೆ ಅಕ್ಷರ. ಅದು ಬರಲಿಲ್ಲ.

ಹಿಂದಿನ ಬೆಂಚಿನಲ್ಲಿ ಬುಗುಡಿ ಅಲ್ಲಾಡಿತು. "ಹೇಳಲೇ! ಹೇಳಾಕ ಏನ ಧಾಡಿ ನಿನಗ!" ತಾಯಿ ಎದ್ದು ನಿಂತಿದ್ದಳು.

ಮಗ ತಿರುಗಿ, ಕೋರ್ಟು, ಪ್ರಮಾಣ, ವಕೀಲರು ಎಲ್ಲ ಮರೆತು, ಹದಿನೆಂಟರ ಹುಡುಗನ ಹಾಗೆ ಅಂದ: "ಯವ್ವಾ, ಎಲ್ಲಾರ ಮುಂದ ಆಕೀ ಹೆಸರ ಹೆಂಗ ಹಿಡೀಲಿ?"

ಜವಾನ "ಸೈಲೆನ್ಸ್" ಅನ್ನಲು ಬಾಯಿ ತೆರೆದು ಹಾಗೇ ಮುಚ್ಚಿದ. ಅಗತ್ಯವಿರಲಿಲ್ಲ.

ಹಿರಿಯ ವಕೀಲರು ಧಡಕ್ಕನೆ ಎದ್ದರು. "ಅದು ನ್ಯಾಯಾಲಯಕ್ಕ ಕೊಟ್ಟ ಉತ್ತರ ಅಲ್ಲ ಮೇಡಂ. ತಾಯೀಗೆ ಆಡಿದ ಮಾತು. ದಾಖಲು ಮಾಡಬಾರದು."

"ತಾಯಿಗೆ ಆಡಿದ ಮಾತು ಅಂತಲೇ ದಾಖಲು ಮಾಡ್ತೇನಿ." ಮೇಡಂ ನಿಧಾನವಾಗಿ ಬರೆಸಿದರು. ಪ್ರಶ್ನೆ. ಸಾಕ್ಷಿದಾರರು ಉತ್ತರಿಸಲಿಲ್ಲ. ಕೋರ್ಟಿನಲ್ಲಿ ಹಾಜರಿದ್ದ ಸಾಕ್ಷಿದಾರರ ತಾಯಿ ಇಂಥ ಮಾತಾಡಿದರು. ಸಾಕ್ಷಿದಾರರು ತಾಯಿಯ ಕಡೆ ತಿರುಗಿ ಇಂಥ ಮಾತಾಡಿದರು. ಅದರ ಕೆಳಗೆ ಸಾಕ್ಷಿದಾರನ ವರ್ತನೆಯ ಬಗ್ಗೆ ಒಂದು ಟಿಪ್ಪಣಿ, ಅದರ ಕೆಳಗೆ ಹಿರಿಯ ವಕೀಲರ ಆಕ್ಷೇಪಣೆ, ಒಂದು ಶಬ್ದ ಬಿಡದೆ. "ನಿಮಗ ಮರು ವಿಚಾರಣೆ ಏನರ ಕೇಳೂದೈತೇನ್ರಿ?" ಅಂದರು. ಹಿರಿಯರು ತಮ್ಮ ಕಕ್ಷಿಯನ್ನು ನೋಡಿ, ಇಲ್ಲ ಅಂದರು. ಅವರು ಅನುಭವಸ್ಥರು. ಯಾವ ಬಾವಿಗೆ ಕೊಡ ಬಿಡಬಾರದು ಅಂತ ಗೊತ್ತಿತ್ತು.

ಆಮೇಲೆ ಓದಿ ಹೇಳುವ ಸರದಿ ನನ್ನದು.

ಇಡೀ ಕೋರ್ಟು ನನ್ನ ಬಾಯಿ ನೋಡುತ್ತಿತ್ತು. ನಮ್ಮ ಶಿರಸ್ತೇದಾರರು ಆಗಲೇ ತುಟಿ ಕಚ್ಚಿ ಕೂತಿದ್ದರು. ಅವನ ಮೂಗಿನ ಧ್ವನಿ, ಗದ್ದ ತಿರುಗಿಸುವುದು, ತಾಯಿಯ ಗದರಿಕೆ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ನನ್ನ ಜೀವಮಾನದ ಅತ್ಯುತ್ತಮ ಪ್ರಯೋಗ ಆಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ನನ್ನದೇ ಇರಬಹುದಾದ ಒಂದು ಧ್ವನಿ ಹುಡುಕಿ, ನೆಟ್ಟಗೆ, ನಿಧಾನವಾಗಿ ಓದಿದೆ. ಒಂದು ಸಾಲು ಓದುವುದು, ತಿಳೀತೇನ್ರಿ ಎಂದು ಕೇಳುವುದು. "ಮತ್ತೆಲ್ಲಿರ್ತಾಳ್ರಿ" ಬಂದಾಗ ಅವನು ಗೋಣು ಹಾಕಿದ. ಕೊನೆಯ ಮಾತು ಓದಿದಾಗ ಅವನ ಕಿವಿಗೆ ಅವನ ಮಾತು ಆಗ ಬಿದ್ದ ಹಾಗಿತ್ತು.

"ಹಿಂಗ ಅಂದೀರೇನ್ರಿ? ಅಂದಿಲ್ಲಂದ್ರ ಹೇಳ್ರಿ, ತಿದ್ದೂಣು" ಅಂದರು ಮೇಡಂ.

"ಅಂದೇನ್ರಿ" ಎಂದು ಸಹಿ ಮಾಡಿದ.

ವಾದದ ದಿನ ಹಿರಿಯ ವಕೀಲರು ಸುಮ್ಮನೆ ಬಿಡಲಿಲ್ಲ. ಒಳ್ಳೆಯ ವಾದ ಮಾಡಿದರು. ಆ ದಿನ ನಾನು ಅವರನ್ನು ಅಣಕಿಸಲಿಲ್ಲ ಅನ್ನುವುದೇ ಅದರ ಪ್ರಮಾಣಪತ್ರ. "ನಮ್ಮ ಕಕ್ಷಿ ಸಂಕೋಚದ ಮನುಷ್ಯ. ಹೆಣ್ಣುಮಕ್ಕಳ ಹೆಸರು ಹೇಳಲಿಕ್ಕೆ ನಾಚಿದ್ರ ಅದು ಮದುವೆಗೆ ಪುರಾವೆ ಹೆಂಗ?"

"ಫಕ್ಕೀರವ್ವ, ನೀಲವ್ವ, ದ್ಯಾಮವ್ವ, ಶಾಂತವ್ವ ಅನ್ನುವಾಗ ನಾಚಿಕಿ ಇರಲಿಲ್ಲಲ್ರಿ" ಅಂದರು ಮೇಡಂ. 

ಅಷ್ಟೇ. ಆದೇಶಕ್ಕೆ ತಾರೀಖು ಕೊಟ್ಟರು.

ಆದೇಶ ಬರೆಸಲು ಚೇಂಬರಿಗೆ ಕರೆದರು. ಅರ್ಧದಲ್ಲಿ ನಿಲ್ಲಿಸಿ ನೀರು ಕುಡಿದರು. ನನಗೆ ತಡೆಯಲಾಗಲಿಲ್ಲ. "ಮೇಡಮ್ಮರ, ನಿಮಗ ಅದು ಹೆಂಗ ಕಿವಿಗೆ ಬಿತ್ರಿ? ನಾ ಆ ಮಾತು ಕೇಳಿದ್ದೆ, ಹಂಗ ಅನ್ನಾಕೂ ಬಂತು. ಖರೇ ಅದರಾಗ ಏನೈತಿ ಅಂತ ತಿಳೀಲಿಲ್ಲ."

ಆಗ ಅವರು ಟ್ರಂಕ್ ಬೋರ್ಡಿನ ಮಾತು ಹೇಳಿದರು. "ಪಿ.ಪಿ. ಕಾಲ್ ಅಂತ ಇರ್ತಿತ್ತು. ಅಂದ್ರ ಇಂಥವರ ಜೋಡೀನ ಮಾತಾಡಬೇಕು ಅಂತ ಬುಕ್ ಮಾಡೂದು. ಡ್ಯಾಮಿನ ಕೆಲಸಕ್ಕ, ಗೋವಾಕ್ಕ ಹೋದಾವರು ಊರಿನ ಕಿರಾಣಿ ಅಂಗಡಿ ಫೋನಿಗೆ ಮಾಡಿ ಮನಿಯವರನ್ನ ಕರಸ್ತಿದ್ರು. ನಾವು ಹೆಸರು ಕೇಳಲೇಬೇಕು. ಯಾರು ಬೇಕ್ರಿ ಅಂದ್ರ ತಾಯಿ ಹೆಸರು ಹೇಳೋರು, ಅಕ್ಕಂದು ಹೇಳೋರು, ನಾದಿನಿದು ಹೇಳೋರು. ಹೆಂಡ್ತಿ ಬೇಕಾಗಿದ್ಳು ಅಂದ್ರ ಲೈನು ತಣ್ಣಗ. ಆಕಿರೀ, ನಮ್ಮ ಮನ್ಯಾಗಿನಾಕಿ, ಹುಡುಗನ ತಾಯಿ. ಮೂರು ನಿಮಿಷದ ಕಾಲಿನ್ಯಾಗ ಒಂದು ನಿಮಿಷ ಅದಕ್ಕ ಹೋಗ್ತಿತ್ತು. ಹೆಂಗಸರು ಗಂಡನ ಹೆಸರು ಹೇಳೂದಿಲ್ಲ ಅಂತ ಎಲ್ಲಾರೂ ಬರದಾರ, ಹಾಡ್ಯಾರ. ಗಂಡಸರ ಬಾಯಿ ಯಾರೂ ನೋಡಿಲ್ಲ. ಅವರಿಗೂ ಗೊತ್ತಿಲ್ಲ."

"ಇದನ್ನ ಆದೇಶದಾಗ ಬರೀರಿ ಮೇಡಮ್ಮರ. ಭಾರಿ ಆಗ್ತೈತಿ."

"ಬರೀಬಾರದು. ನನ್ನ ಕಿವಿ ಸಾಕ್ಷಿ ಅಲ್ಲ. ಟೆಲಿಫೋನಿನ್ಯಾಗ ನಾ ಏನು ಕೇಳಿದೆ ಅನ್ನೋದರ ಮ್ಯಾಲೆ ಒಬ್ಬ ಮನುಷ್ಯಾನ ಹಣೆಬಾರ ಬರದ್ರ ನಾಳೆ ಇನ್ನೊಬ್ಬರು ತಮ್ಮ ಕನಸಿನ ಮ್ಯಾಲೆ ಬರೀತಾರ. ಗುಮಾನಿ ನನ್ನದು. ಅದಕ್ಕ ಉತ್ತರ ಅವರ ಬಾಯಿಂದ ಬರಬೇಕಿತ್ತು, ಕಾಗದದ ಮ್ಯಾಲೆ ಬರಬೇಕಿತ್ತು. ಸಾರಾಂಶ ಬರೆಸಿ ಎದ್ದಿದ್ರ ಇವತ್ತ ನನ್ನ ಕೈಯಾಗ ಏನಿರ್ತಿತ್ತು? ಅರ್ಜಿದಾರಳು, ಅರ್ಜಿದಾರಳು." ಗ್ಲಾಸು ಕೆಳಗಿಟ್ಟರು. "ಹೂಂ, ಬರಕೋರಿ."

ಇಷ್ಟು ವರ್ಷಗಳಲ್ಲಿ ಎಷ್ಟೋ ನ್ಯಾಯಾಧೀಶರ ಕೈಕೆಳಗೆ ಬೆರಳು ಸವೆಸಿದ್ದೇನೆ. ಮೇಡಂ ಮುಂದೆ ದೊಡ್ಡ ಊರಿನ ಕೌಟುಂಬಿಕ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಹೆಸರು ಮಾಡಿದರು ಅಂತ ಕೇಳಿದೆ. ಅವರನ್ನು ಮಾಡಿ ತೋರಿಸು ಅಂತ ಗೆಳೆಯರು ಈಗಲೂ ಗಂಟು ಬೀಳುತ್ತಾರೆ. ಧ್ವನಿ ಬರುತ್ತದೆ, ಸೆರಗು ಬರುತ್ತದೆ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಆ ಸುಮ್ಮನಿರುವಿಕೆ ನನ್ನಂಥ ಬಾಯಾಳಿಗೆ ಎರಡು ಕ್ಷಣವೂ ನಿಲ್ಲುವುದಿಲ್ಲ.

ಆದೇಶದ ದಿನ ಎದುರುದಾರ ತಾಯಿಯನ್ನು ಬಿಟ್ಟು ಒಬ್ಬನೇ ಬಂದಿದ್ದ. ತೆರೆದ ನ್ಯಾಯಾಲಯದಲ್ಲಿ ಮೇಡಂ ಓದಿದರು. ಕೂಲಿಯವರು ಮನೆಗೆ ಹೋಗುತ್ತಿದ್ದರು, ಇವಳು ಅವನ ಹೊಲದ ಮನೆಯಲ್ಲೇ ಇರುತ್ತಿದ್ದಳು, ಅದಕ್ಕೆ ಅವನು ಬೇರೆ ಕಾರಣ ಕೊಡಲಿಲ್ಲ, ಮತ್ತೆಲ್ಲಿರುತ್ತಾಳೆ ಅಂದ. ಉಳಿದವರ ಹೆಸರನ್ನೆಲ್ಲ ಹೇಳಿ ಇವಳದನ್ನು ಮಾತ್ರ ಎಲ್ಲರ ಮುಂದೆ ಹೇಳಲಾರೆ ಅಂದ. ಇವೆಲ್ಲವನ್ನೂ ಅವಳ ಸಾಕ್ಷಿಯೊಂದಿಗೆ ಕೂಡಿಸಿ ನೋಡಿದಾಗ ಅರ್ಜಿದಾರಳು ಎದುರುದಾರನ ಹೆಂಡತಿ ಎಂದು ಈ ನ್ಯಾಯಾಲಯ ಕಂಡುಕೊಂಡಿದೆ. ಜೀವನಾಂಶ ಕೊಡತಕ್ಕದ್ದು.

ಅವಳಿಗೆ ಗ್ರಾಂಥಿಕ ಭಾಷೆ ತಿಳಿಯಲಿಲ್ಲ. ಕೋರ್ಟು ಎದ್ದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು. ಕಿರಿಯ ವಕೀಲರು ಹಿಂದೆ ಹಿಗ್ಗಿ ನಿಂತಿದ್ದರು.

"ಅಣ್ಣಾರ, ನಾ ಯಾರು ಅಂತ ಬರದಾರ?"

"ಹೆಂಡ್ತಿ ಅಂತ ಬರದಾರ್ರಿ." ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಬಗ್ಗಿ, ಓದಲು ಬರದಿದ್ದರೂ, ಸಾಲಿನ ಮೊದಲಿಂದ ಕೊನೆಯವರೆಗೆ ಕಣ್ಣಾಡಿಸಿದಳು.

"ಖಾಯಂ ಏನ್ರಿ ಇದು?"

ಕಿರಿಯ ವಕೀಲರು, ಜೀವನಾಂಶದ ಮಟ್ಟಿಗೆ, ಮೇಲಿನ ಕೋರ್ಟಿನವರು ಬೇರೆ ಹೇಳದಿದ್ದರೆ, ಎಂದೇನೋ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿದೆ. "ನಿಮ್ಮ ವಾಡ್ಯಾಗ ಯಾರೂ ಇನ್ನ ಮಾತಾಡಾಂಗಿಲ್ಲರಿ ಅಕ್ಕಾರ. ತಂಗೀನ ನೋಡಾಕ ಬಂದಾವರಿಗೆ ಇದರ ನಕಲು ತೋರಸ್ರಿ. ಬೇಕಾದ್ರ ನೀವು ಹಕ್ಕಿಲೆ ಅವರ ಮನೀಗೂ ಹೋಗಬಹುದು."

ಅವಳು ನೆಟ್ಟಗೆ ನಿಂತಳು. ಬಾಗಿಲ ಆಚೆ ಅವನು ತನ್ನ ವಕೀಲರ ಜೊತೆ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಒಂದು ಸಲ ನೋಡಿ ಈ ಕಡೆ ತಿರುಗಿದಳು.

"ಹೋಗಾಕ ಯಾರ ಕೇಳ್ಯಾರ್ರಿ? ಇಷ್ಟ ದಿನ ಬಿಡಾಕ ಬರ್ತಿರಲಿಲ್ಲ. ಕಟಗೊಂಡಾವನ ಅಲ್ಲ ಅಂದ್ರ ಬಿಡೂದರ ಹೆಂಗ? ಈಗ ಗಂಡ ಅಂತ ಆತಲ್ಲ." ಕಿರಿಯ ವಕೀಲರ ಕಡೆ ನೋಡಿದಳು. "ಬಿಡಾಕ ಯಾವ ಅರ್ಜಿ ಕೊಡಬೇಕು, ಅದನ್ನ ಹೇಳ್ರಿ."